ಅನಿಮೆಯಲ್ಲಿ ಕಂಡ ಬೀದಿಗಳಿಗೆ ಹೊರಟವರಿಗೊಂದು ಕೈಪಿಡಿ

ಟೋಕಿಯೊಗೆ ಹೋಗಿ ಬಂದ ಅನಿಮೆ ಪ್ರಿಯರನ್ನು ಕೇಳಿ ನೋಡಿ, ಬೇಸರದ ಮಾತುಗಳು ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತವೆ. ಮೆಟ್ಟಿಲು ಸಿಕ್ಕಿತು, ಆದರೆ ಸಿನಿಮಾದಲ್ಲಿ ಕಂಡ ಹಾಗೆ ಕಾಣಲಿಲ್ಲ. ಉದ್ಯಾನದ ತನಕ ಹೋದೆವು, ಅಂದು ಸೋಮವಾರ, ಗೇಟು ಹಾಕಿತ್ತು. ಹುಡುಕಿಕೊಂಡು ಹೋದ ಕಟ್ಟಡವನ್ನು ಕೆಡವಿ ವರ್ಷಗಳೇ ಆಗಿದ್ದವು. ಅರ್ಧ ದಿನ ರೈಲಿನಲ್ಲೇ ಕಳೆದುಹೋಯಿತು. ಅಷ್ಟು ದೂರ ಹೋಗಿ, ಅಷ್ಟು ದುಡ್ಡು ಸುರಿದು, ಹೀಗಾದರೆ ಯಾರಿಗಾದರೂ ಬೇಸರವೇ.

ಈ ತೊಂದರೆಗಳಲ್ಲಿ ಬಹುಪಾಲನ್ನು ಮನೆಯಲ್ಲಿ ಕೂತೇ ನೀಗಿಸಿಕೊಳ್ಳಬಹುದು. ಬೆಂಗಳೂರಿನಿಂದ ಟೋಕಿಯೊದ ನರಿತಾ ವಿಮಾನ ನಿಲ್ದಾಣಕ್ಕೆ ನೇರ ವಿಮಾನ ಶುರುವಾದ ಮೇಲೆ ಕರ್ನಾಟಕದವರಿಗೆ ಅಲ್ಲಿಗೆ ತಲುಪುವುದು ಹಿಂದಿನಷ್ಟು ತ್ರಾಸದ ಕೆಲಸವಲ್ಲ. ತಲುಪಿದ ಮೇಲೆ ಏನು ಮಾಡಬೇಕು ಎನ್ನುವುದಕ್ಕೇ ತಯಾರಿ ಬೇಕು. ದೃಶ್ಯವನ್ನು ಓದುವುದು ಹೇಗೆ, ಒಂದೇ ರೈಲು ಮಾರ್ಗದಲ್ಲಿ ಐದು ತಾಣಗಳನ್ನು ನೋಡುವುದು ಹೇಗೆ, ಅದೇ ಕೋನದಲ್ಲಿ ಫೋಟೊ ತೆಗೆಯುವುದು ಹೇಗೆ, ಅಲ್ಲಿ ಬದುಕುವವರಿಗೆ ಹೊರೆಯಾಗದೆ ಮರಳುವುದು ಹೇಗೆ ಎಂಬುದನ್ನು ಇಲ್ಲಿ ಒಂದೊಂದಾಗಿ ನೋಡೋಣ.

ಸ್ವಲ್ಪ ಹಿನ್ನೆಲೆ

ಅನಿಮೆಯಲ್ಲಿ ಬಂದ ಜಾಗಗಳಿಗೆ ಹೋಗಿಬರುವುದನ್ನು ಜಪಾನಿನಲ್ಲಿ ‘ಸೇಚಿ ಜುನ್ರೇ’, ಅಂದರೆ ಕ್ಷೇತ್ರಯಾತ್ರೆ ಎಂದೇ ಕರೆಯುತ್ತಾರೆ. 2007ರಲ್ಲಿ ‘ಲಕ್ಕಿ ಸ್ಟಾರ್’ ಸರಣಿ ಪ್ರಸಾರವಾದಾಗ ಸೈತಾಮಾ ಪ್ರಾಂತ್ಯದ ವಾಶಿನೊಮಿಯಾ ಎಂಬ ಶಿಂಟೊ ಗುಡಿಗೆ ಅಭಿಮಾನಿಗಳು ಹಿಂಡುಹಿಂಡಾಗಿ ಬರತೊಡಗಿದರು. ಪಾತ್ರಗಳ ಚಿತ್ರ ಬರೆದ ಹರಕೆ ಹಲಗೆಗಳನ್ನು ಗುಡಿಯಲ್ಲಿ ಕಟ್ಟಿದರು. ಊರಿನ ವರ್ತಕರು ಅವರನ್ನು ಆದರದಿಂದ ಬರಮಾಡಿಕೊಂಡರು. ಮುಂದೆ ಇಂಥ ಪ್ರವಾಸವನ್ನು ಬೇರೆ ಊರುಗಳೂ ಗಂಭೀರವಾಗಿ ತೆಗೆದುಕೊಂಡವು. 2016ರಲ್ಲಿ ಅನಿಮೆ ಟೂರಿಸಂ ಅಸೋಸಿಯೇಷನ್ ಎಂಬ ಸಂಸ್ಥೆಯೇ ಹುಟ್ಟಿತು. ಅಭಿಮಾನಿಗಳ ಮತ ಪಡೆದು ಅದು 88 ತಾಣಗಳ ಪಟ್ಟಿ ಪ್ರಕಟಿಸುತ್ತದೆ. ಶಿಕೊಕು ದ್ವೀಪದ 88 ಬೌದ್ಧ ದೇಗುಲಗಳ ಯಾತ್ರೆ ಜಪಾನಿನಲ್ಲಿ ಬಹಳ ಹಳೆಯದು. ಆ ಸಂಖ್ಯೆ ಬಂದದ್ದು ಅಲ್ಲಿಂದ.

ಸಿನಿಮಾದ ಬೀದಿ ಬೇರೆಯಾಗಿ ಕಾಣುವುದೇಕೆ?

ಇದನ್ನು ತಿಳಿದುಕೊಂಡರೆ ಹುಡುಕುವ ಕೆಲಸ ಅರ್ಧ ಮುಗಿದಂತೆ. ಊರು, ಬೀದಿಗಳನ್ನು ಇದ್ದ ಹಾಗೆ ತೋರಿಸುವ ನಿರ್ದೇಶಕರ ತಂಡ ಮೊದಲು ಆ ಜಾಗಕ್ಕೆ ಹೋಗಿ ಹೇರಳವಾಗಿ ಫೋಟೊ ತೆಗೆಯುತ್ತದೆ. ಹಿನ್ನೆಲೆ ಬರೆಯುವ ಕಲಾವಿದರು ಆ ಫೋಟೊಗಳನ್ನು ಆಧಾರವಾಗಿಟ್ಟುಕೊಂಡು ಚಿತ್ರ ಬಿಡಿಸುತ್ತಾರೆ. ‘ಯುವರ್ ನೇಮ್’ (2016), ‘ಸುಜುಮೆ’ (2022) ಮಾಡಿದ ಮಕೊಟೊ ಶಿಂಕಾಯ್ ಅವರ ಚಿತ್ರಗಳಲ್ಲಿ ಟೋಕಿಯೊ ಅಷ್ಟು ನಿಖರವಾಗಿ ಕಾಣಿಸುವುದು ಇದೇ ಕಾರಣಕ್ಕೆ.

ಆದರೆ ಬರೆಯುವಾಗ ಮೂರು ಸಂಗತಿಗಳು ಬದಲಾಗುತ್ತವೆ. ಮೊದಲನೆಯದು ಬೆಳಕು: ಆಕಾಶ, ಮೋಡ, ನೆರಳುಗಳನ್ನು ಕಥೆಯ ಭಾವಕ್ಕೆ ತಕ್ಕಂತೆ ಬರೆಯುತ್ತಾರೆ. ಎರಡನೆಯದು ಹರವು: ಕಿರಿದಾದ ಓಣಿ ತೆರೆಯ ಮೇಲೆ ಅಗಲವಾಗುತ್ತದೆ, ದೂರದ ಕಟ್ಟಡ ಹತ್ತಿರ ಬರುತ್ತದೆ. ಮೂರನೆಯದು ಜೋಡಣೆ: ಒಂದು ಬೀದಿಯ ತಿರುವು ದಾಟಿದ ಪಾತ್ರ ಮರುಕ್ಷಣ ಮೂರು ಕಿಲೊಮೀಟರ್ ಆಚೆಯ ಇನ್ನೊಂದು ಬೀದಿಯಲ್ಲಿ ನಡೆಯುತ್ತಿರುತ್ತದೆ.

ಹಾಗಾದರೆ ಬದಲಾಗದೆ ಉಳಿಯುವುದೇನು? ಇಳಿಜಾರು, ಮೆಟ್ಟಿಲು, ಹಿಡಿಕಂಬಿ, ಸೇತುವೆಯ ಕಮಾನು, ರೈಲು ಹಳಿಯ ತಿರುವು, ದೂರದಲ್ಲಿ ಕಾಣುವ ಎತ್ತರದ ಗೋಪುರ. ಹುಡುಕುವಾಗ ನಿಮ್ಮ ಕಣ್ಣು ಇವುಗಳ ಮೇಲಿರಲಿ.

ಇನ್ನೊಂದು ವಿಂಗಡಣೆಯನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ. ಕೆಲವು ಜಾಗಗಳನ್ನು ಇದ್ದ ಹಾಗೆಯೇ ಬರೆದಿರುತ್ತಾರೆ. ಟೋಕಿಯೊದ ಶಿಂಜುಕು ಗ್ಯೋಎನ್ ಉದ್ಯಾನ ಅಂಥದ್ದು. ಕೆಲವು ಬರೀ ಪ್ರೇರಣೆ. ಟೋಕಿಯೊದ ಕೊಗಾನೆಯಿಯಲ್ಲಿ ಹಳೆಯ ಮನೆ, ಅಂಗಡಿಗಳನ್ನು ತಂದು ನಿಲ್ಲಿಸಿದ ಬಯಲು ವಸ್ತುಸಂಗ್ರಹಾಲಯವಿದೆ. ಅಲ್ಲಿನ ಸ್ಟೇಷನರಿ ಅಂಗಡಿಯೊಂದರ ಗೋಡೆ ತುಂಬ ಸಣ್ಣ ಸಣ್ಣ ಮರದ ಖಾನೆಗಳು. ‘ಸ್ಪಿರಿಟೆಡ್ ಅವೇ’ ಚಿತ್ರದ ಕಾಮಾಜಿ ಎಂಬ ಪಾತ್ರದ ಬಾಯ್ಲರ್ ಕೋಣೆಗೆ ಅದು ಪ್ರೇರಣೆ. ಮೂರನೆಯ ಗುಂಪು ಬರೀ ಸುದ್ದಿ. ತೈವಾನಿನ ಜಿಯುಫೆನ್ ಊರೇ ಆ ಚಿತ್ರದ ಮೂಲ ಎಂದು ಪ್ರವಾಸಿ ಜಾಹೀರಾತುಗಳು ಹೇಳುತ್ತಲೇ ಇರುತ್ತವೆ. ನಿರ್ದೇಶಕ ಹಯಾವೊ ಮಿಯಾಝಾಕಿ ಅದನ್ನು ಅಲ್ಲಗಳೆದಿದ್ದಾರೆ. ಮೊದಲ ಗುಂಪಿನ ಜಾಗಗಳಿಗೆ ಹೆಚ್ಚು ಸಮಯ ಕೊಟ್ಟರೆ ನಿರಾಸೆ ಕಡಿಮೆ.

ಮನೆಯಲ್ಲೇ ಮಾಡಬೇಕಾದ ತಯಾರಿ

1. ದೃಶ್ಯಗಳನ್ನು ಆರಿಸಿ. ಒಂದು ದಿನಕ್ಕೆ ಐದಾರು ದೃಶ್ಯ ಸಾಕು. ಇಡೀ ಚಿತ್ರದ ಪಟ್ಟಿ ಹಿಡಿದು ಹೊರಟರೆ ಯಾವ ಜಾಗದಲ್ಲೂ ನಿಲ್ಲಲಾಗುವುದಿಲ್ಲ. ಮನಸ್ಸಿಗೆ ತಟ್ಟಿದ ದೃಶ್ಯಗಳೇ ಪಟ್ಟಿಯ ಮೇಲ್ತುದಿಯಲ್ಲಿರಲಿ.

2. ಚಿತ್ರ ಕೈಯಲ್ಲಿರಲಿ. ಒಟಿಟಿ ಆ್ಯಪ್‌ಗಳಲ್ಲಿ ಸ್ಕ್ರೀನ್‌ಶಾಟ್ ತೆಗೆದರೆ ಸಾಮಾನ್ಯವಾಗಿ ಪರದೆ ಕಪ್ಪಾಗಿ ಬರುತ್ತದೆ. ಅಧಿಕೃತ ಟ್ರೇಲರ್ ಮತ್ತು ಪೋಸ್ಟರುಗಳಲ್ಲಿ ಮುಖ್ಯ ದೃಶ್ಯಗಳು ಸಿಗುತ್ತವೆ. ಸಿಗದಿದ್ದರೆ ದೃಶ್ಯವನ್ನು ನಿಲ್ಲಿಸಿ, ಕಂಬ, ಮೆಟ್ಟಿಲು, ಗೋಪುರ ಎಲ್ಲೆಲ್ಲಿವೆ ಎಂದು ಕಾಗದದ ಮೇಲೆ ಗೆರೆ ಎಳೆದುಕೊಳ್ಳಿ. ಹೀಗೆ ಬರೆಯುವಾಗ ಬರೀ ನೋಡಿದಾಗ ತಪ್ಪಿಹೋದ ವಿವರಗಳೂ ಕಣ್ಣಿಗೆ ಬೀಳುತ್ತವೆ.

3. ಸುಳಿವುಗಳನ್ನು ಓದಿ. ನಿಲ್ದಾಣದ ಫಲಕ, ರೈಲಿನ ಪಟ್ಟಿಯ ಬಣ್ಣ, ಬಸ್ ತಂಗುದಾಣದ ಹೆಸರು, ವಿದ್ಯುತ್ ಕಂಬಕ್ಕೆ ಹೊಡೆದ ವಿಳಾಸದ ಪಟ್ಟಿ, ಎಲ್ಲವೂ ದಾರಿ ತೋರಿಸುತ್ತವೆ. ಟೋಕಿಯೊದಲ್ಲಿ ರೈಲಿನ ಬಣ್ಣ ನೋಡಿಯೇ ಮಾರ್ಗ ಹೇಳಬಹುದು: ಹಳದಿ ಪಟ್ಟಿ ಚುಒ–ಸೋಬು ಲೈನಿನದು, ಕಿತ್ತಳೆ ಚುಒ ರ‍್ಯಾಪಿಡ್‌ನದು, ತಿಳಿಹಸಿರು ಯಾಮಾನೊತೆ ಲೈನಿನದು.

4. ರಸ್ತೆಯ ಹೆಸರನ್ನು ನಂಬಿಕೊಳ್ಳಬೇಡಿ. ಜಪಾನಿನ ಬಹುತೇಕ ಸಣ್ಣ ರಸ್ತೆಗಳಿಗೆ ಹೆಸರೇ ಇಲ್ಲ. ವಿಳಾಸ ಇರುವುದು ಬಡಾವಣೆ, ಬ್ಲಾಕ್ ಮತ್ತು ಕಟ್ಟಡದ ಸಂಖ್ಯೆಯಲ್ಲಿ. ಆದ್ದರಿಂದ ಗೂಗಲ್ ಮ್ಯಾಪ್‌ನಲ್ಲಿ ನೀವು ನಿಲ್ಲಬೇಕಾದ ಜಾಗಕ್ಕೇ ಪಿನ್ ಹಾಕಿ ಉಳಿಸಿಕೊಳ್ಳಿ. ಆ ಪ್ರದೇಶದ ನಕ್ಷೆಯನ್ನು ಆಫ್‌ಲೈನ್‌ಗೂ ಇಳಿಸಿಕೊಳ್ಳಿ.

5. ಸ್ಟ್ರೀಟ್ ವ್ಯೂನಲ್ಲಿ ಒಮ್ಮೆ ನಡೆದು ನೋಡಿ. ಕಂಪ್ಯೂಟರಿನಲ್ಲಿ ತೆರೆದರೆ ಹಲವು ಜಾಗಗಳ ಹಿಂದಿನ ವರ್ಷಗಳ ಚಿತ್ರವೂ ಸಿಗುತ್ತದೆ. ಸಿನಿಮಾ ಬಂದ ವರ್ಷದ ಚಿತ್ರವನ್ನೂ ಈಗಿನದನ್ನೂ ಹೋಲಿಸಿದರೆ ಏನು ಉಳಿದಿದೆ, ಏನು ಹೋಗಿದೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ‘ವೆದರಿಂಗ್ ವಿತ್ ಯೂ’ ಚಿತ್ರದಲ್ಲಿ ಮಾಳಿಗೆಯ ಮೇಲೆ ಪುಟ್ಟ ಗುಡಿಯಿರುವ ಪಾಳು ಕಟ್ಟಡಕ್ಕೆ ಮಾದರಿಯಾಗಿದ್ದದ್ದು ಯೊಯೊಗಿ ಕೈಕಾನ್. ಚಿತ್ರ ತೆರೆಕಂಡ 2019ರಲ್ಲೇ ಅದನ್ನು ಕೆಡವುವ ಕೆಲಸ ಶುರುವಾಯಿತು. ಈಗ ಅಲ್ಲಿಗೆ ಹೋದರೆ ನೋಡಲು ಅದಿಲ್ಲ.

6. ಸೂರ್ಯನ ಸಮಯ ನೋಡಿಕೊಳ್ಳಿ. ಬೆಂಗಳೂರಿನಲ್ಲಿ ವರ್ಷವಿಡೀ ಆರು–ಏಳರ ಆಸುಪಾಸಿನಲ್ಲಿ ಸಂಜೆಯಾಗುವುದನ್ನು ಕಂಡವರಿಗೆ ಟೋಕಿಯೊದ ಲೆಕ್ಕ ತಪ್ಪುತ್ತದೆ. ಡಿಸೆಂಬರಿನಲ್ಲಿ ಅಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಜೂನ್‌ನಲ್ಲಿ ಬೆಳಗಿನ ನಾಲ್ಕೂವರೆಗೇ ಹುಟ್ಟುತ್ತಾನೆ. ಮುಸ್ಸಂಜೆಯ ದೃಶ್ಯ ಬೇಕೆಂದರೆ ಅಲ್ಲಿಗೆ ತಲುಪುವ ಹೊತ್ತನ್ನು ಇದರ ಮೇಲೆ ನಿಗದಿ ಮಾಡಿ.

7. ಋತು ಆರಿಸಿ. ಟೋಕಿಯೊದಲ್ಲಿ ಚೆರ‍್ರಿ ಹೂವು ಸಾಮಾನ್ಯವಾಗಿ ಮಾರ್ಚ್ ಕೊನೆ, ಏಪ್ರಿಲ್ ಮೊದಲ ವಾರದಲ್ಲಿ ಅರಳುತ್ತದೆ. ಮಳೆಗಾಲ ಜೂನ್ ಆರಂಭದಿಂದ ಜುಲೈ ನಡುವಿನವರೆಗೆ. ‘ದಿ ಗಾರ್ಡನ್ ಆಫ್ ವರ್ಡ್ಸ್’ (2013) ಪ್ರಿಯರಿಗೆ ಈ ಮಳೆಯ ವಾರಗಳೇ ಸರಿಯಾದ ಕಾಲ.

ಒಂದು ದಿನ, ಒಂದು ರೈಲು, ಐದು ತಾಣ

ತಾಣಗಳನ್ನು ಸಿನಿಮಾವಾರು ಹಂಚಿಕೊಂಡರೆ ನಗರದ ಈ ತುದಿಯಿಂದ ಆ ತುದಿಗೆ ಓಡಾಟವಾಗುತ್ತದೆ. ರೈಲು ಮಾರ್ಗದ ಪ್ರಕಾರ ಹಂಚಿಕೊಂಡರೆ ಕಾಲಿಗೂ ಜೇಬಿಗೂ ಹಿತ. ಚುಒ–ಸೋಬು ಲೈನಿನ ಹಳದಿ ರೈಲು ಶಿಂಜುಕುವಿನಿಂದ ಹೊರಟು ಯೊಯೊಗಿ, ಸೆಂದಗಾಯಾ, ಶಿನಾನೊಮಾಚಿ, ಯೊತ್ಸುಯಾ, ಒಚನೊಮಿಜು ದಾಟಿ ಅಕಿಹಬರಾಗೆ ಹೋಗುತ್ತದೆ. ಈ ಒಂದೇ ಗೆರೆಯ ಮೇಲೆ ಮೂರು ಶಿಂಕಾಯ್ ಚಿತ್ರಗಳೂ ಎರಡು ಜನಪ್ರಿಯ ಸರಣಿಗಳೂ ಸಿಗುತ್ತವೆ.

1. ಬೆಳಿಗ್ಗೆ: ಸೆಂದಗಾಯಾ, ಶಿಂಜುಕು ಗ್ಯೋಎನ್. ಸೆಂದಗಾಯಾ ನಿಲ್ದಾಣದಿಂದ ಉದ್ಯಾನದ ಗೇಟಿಗೆ ಐದು ನಿಮಿಷದ ನಡಿಗೆ. ಉದ್ಯಾನ ಒಂಬತ್ತಕ್ಕೆ ತೆರೆಯುತ್ತದೆ, ವಯಸ್ಕರಿಗೆ ಟಿಕೆಟ್ 500 ಯೆನ್. ಸೋಮವಾರ ರಜೆ, ಸೋಮವಾರ ಸರ್ಕಾರಿ ರಜೆಯಾದರೆ ಅದರ ಮರುದಿನ. ‘ದಿ ಗಾರ್ಡನ್ ಆಫ್ ವರ್ಡ್ಸ್’ನಲ್ಲಿ ಶೂ ತಯಾರಕನಾಗುವ ಕನಸಿನ ಹುಡುಗನೂ ಯುಕಿನೊ ಎಂಬ ಯುವತಿಯೂ ಮಳೆಯ ಬೆಳಗುಗಳಲ್ಲಿ ಭೇಟಿಯಾಗುವ ಮಂಟಪ ಜಪಾನೀ ಉದ್ಯಾನ ಭಾಗದ ಕೊಳದ ಬಳಿಯಿದೆ. ಗೇಟು ತೆರೆದ ಕೂಡಲೇ ನೇರವಾಗಿ ಅಲ್ಲಿಗೆ ಹೋಗಿ. ಹೊತ್ತೇರಿದಂತೆ ವಿಶ್ರಾಂತಿಗೆ ಬರುವವರು ಅಲ್ಲೇ ಕೂರುತ್ತಾರೆ. ಮರಗಳ ಮೇಲೆ ತಲೆಯೆತ್ತಿ ನಿಂತಿರುವ 240 ಮೀಟರ್ ಎತ್ತರದ ಡೊಕೊಮೊ ಗೋಪುರ ನಿಮ್ಮ ಗುರುತು. ಯಾವ ಕೋನದಿಂದ ಬರೆದಿದ್ದಾರೆ ಎಂಬುದನ್ನು ಅದರಿಂದಲೇ ಲೆಕ್ಕ ಹಾಕಬಹುದು. ಚಿತ್ರದಲ್ಲಿ ಯುಕಿನೊ ಬಿಯರ್ ಕುಡಿಯುತ್ತಾಳೆ, ಆದರೆ ಉದ್ಯಾನದೊಳಗೆ ಮದ್ಯಕ್ಕೆ ನಿಷೇಧವಿದೆ.

2. ಶಿನಾನೊಮಾಚಿ ಸ್ಕೈವಾಕ್. ಹಳದಿ ರೈಲಿನಲ್ಲಿ ಒಂದೇ ನಿಲ್ದಾಣ. ಹೊರಗೆ ಬಂದರೆ ಎದುರಿಗೇ ಪಾದಚಾರಿ ಮೇಲ್ಸೇತುವೆ. ‘ಯುವರ್ ನೇಮ್’ನಲ್ಲಿ ನಾಯಕ ತಾಕಿ ಜೊತೆಗೆ ಕೆಲಸ ಮಾಡುವ ಒಕುದೆರಾಳನ್ನು ಬೀಳ್ಕೊಡುವುದು, ಆಮೇಲೆ ನಾಯಕಿ ಮಿತ್ಸುಹಾಗೆ ಫೋನ್ ಹಚ್ಚುವುದು ಇಲ್ಲೇ. ಚಿತ್ರದಲ್ಲಿ ಅದು ಮುಸ್ಸಂಜೆ. ಆ ಬೆಳಕೇ ಬೇಕೆನ್ನುವವರು ಈ ತಾಣವನ್ನು ದಿನದ ಕೊನೆಗೆ ಇಟ್ಟುಕೊಳ್ಳಿ. ಮೇಲೆ ನಿಂತವರು ಒಂದು ಬದಿಗೆ ಸರಿದು ನಿಲ್ಲಿ. ಅದು ಜನ ದಿನವೂ ಓಡಾಡುವ ದಾರಿ.

3. ಸುಗಾ ಗುಡಿಯ ಮೆಟ್ಟಿಲು. ಶಿನಾನೊಮಾಚಿಯಿಂದ ಕಾಲು ಗಂಟೆಯ ನಡಿಗೆ. ‘ಯುವರ್ ನೇಮ್’ನ ಕೊನೆಯ ದೃಶ್ಯದಲ್ಲಿ ತಾಕಿ ಕೆಳಗಿನಿಂದ ಹತ್ತಿ ಬರುತ್ತಾನೆ, ಮಿತ್ಸುಹಾ ಮೇಲಿನಿಂದ ಇಳಿಯುತ್ತಾಳೆ, ದಾಟಿ ಹೋದ ಮೇಲೆ ತಿರುಗಿ ನೋಡುತ್ತಾರೆ. ಕೆಂಪು ಹಿಡಿಕಂಬಿ ನೋಡಿದ ಕೂಡಲೇ ಗುರುತು ಸಿಗುತ್ತದೆ. ಮೆಟ್ಟಿಲು ತೆರೆಯ ಮೇಲಿನಷ್ಟು ವಿಶಾಲವಲ್ಲ. ಸುತ್ತ ಮನೆಗಳಿವೆ, ಬಾಲ್ಕನಿಯಲ್ಲಿ ಬಟ್ಟೆ ಒಣಗುತ್ತಿರುತ್ತದೆ, ತಲೆಯ ಮೇಲೆ ವಿದ್ಯುತ್ ತಂತಿ ಹಾದುಹೋಗಿದೆ. ಚಿತ್ರದ ಪ್ರಸಿದ್ಧ ಕೋನ ಸಿಗುವುದು ಮೇಲಿನ ತುದಿಯಿಂದ ಕೆಳಗೆ ನೋಡಿದಾಗ. ಸರದಿಯಲ್ಲಿ ನಿಂತವರಿದ್ದರೆ ನಾಲ್ಕೈದು ಫೋಟೊ ತೆಗೆದು ಬಿಟ್ಟುಕೊಡಿ. ಹತ್ತಿರದ ಗುಡಿಗೂ ಹೋಗಿ ಕೈ ಮುಗಿದು ಬನ್ನಿ. ಮೆಟ್ಟಿಲ ಮೇಲೆ ದಿನಸಿ ಚೀಲ ಹಿಡಿದ ಅಜ್ಜಿಯೊಬ್ಬರು ಹತ್ತುತ್ತಿದ್ದರೆ ಮೊದಲು ಅವರಿಗೆ ದಾರಿ.

4. ಮಧ್ಯಾಹ್ನದ ಮೇಲೆ: ಒಚನೊಮಿಜು, ಹಿಜಿರಿ ಸೇತುವೆ. ಸುಗಾ ಗುಡಿಯಿಂದ ಹತ್ತು ನಿಮಿಷ ನಡೆದು ಯೊತ್ಸುಯಾ ನಿಲ್ದಾಣಕ್ಕೆ ಬನ್ನಿ. ಅಲ್ಲಿಂದ ಕಿತ್ತಳೆ ಬಣ್ಣದ ರ‍್ಯಾಪಿಡ್ ಹತ್ತಿದರೆ ಮುಂದಿನ ನಿಲುಗಡೆಯೇ ಒಚನೊಮಿಜು. ‘ಸುಜುಮೆ’ ಟೋಕಿಯೊಗೆ ಬಂದಾಗ ಕಥೆ ನಡೆಯುವುದು ಈ ನಿಲ್ದಾಣ ಮತ್ತು ಕಾಂದಾ ನದಿಯ ಸುತ್ತ. 1927ರಲ್ಲಿ ಮುಗಿದ ಕಮಾನಿನ ಹಿಜಿರಿ ಸೇತುವೆಯ ಮೇಲಿಂದಲೇ ನಾಯಕಿ ಸುಜುಮೆ ಜಿಗಿಯುತ್ತಾಳೆ. ಸೇತುವೆಯ ಪೂರ್ವ ಬದಿಯ ಕಾಲುದಾರಿಯಲ್ಲಿ ಅಕಿಹಬರಾ ಕಡೆ ಮುಖ ಮಾಡಿ ನಿಲ್ಲಿ. ಕೆಳಗೆ ಸುರಂಗದಿಂದ ಹೊರಬಂದ ಮಾರುನೊಉಚಿ ಮೆಟ್ರೊದ ಕೆಂಪು ರೈಲು ನದಿ ದಾಟಿ ಮತ್ತೆ ನೆಲದೊಳಗೆ ಹೋಗುತ್ತದೆ. ಅದರ ಮೇಲೆ ಕಿತ್ತಳೆ ರೈಲು. ಅದಕ್ಕೂ ಮೇಲೆ ಏರುತ್ತ ಬಲದಿಂದ ಎಡಕ್ಕೆ ಹಳದಿ ರೈಲು. ಮೂರೂ ಒಂದೇ ಚೌಕಟ್ಟಿನಲ್ಲಿ ಸಿಗಲು ತಾಳ್ಮೆ ಬೇಕು. ರೈಲುಗಳು ಎಡೆಬಿಡದೆ ಬರುವುದರಿಂದ ಕಾದರೆ ಸಿಗುತ್ತದೆ. ಸೇತುವೆಯ ಮೇಲೆ ವಾಹನ ಸಂಚಾರವಿದೆ, ಕಾಲುದಾರಿ ಬಿಟ್ಟು ರಸ್ತೆಗೆ ಇಳಿಯಬೇಡಿ.

5. ಸಂಜೆ: ಕಾಂದಾ ಮ್ಯೋಜಿನ್ ಮತ್ತು ಅಕಿಹಬರಾ. ಸೇತುವೆಯಿಂದ ಕೆಲವೇ ನಿಮಿಷ ನಡೆದರೆ ಕಾಂದಾ ಮ್ಯೋಜಿನ್ ಗುಡಿ. ‘ಲವ್ ಲೈವ್!’ (2013) ಸರಣಿಯ ಹುಡುಗಿಯರು ಓಡಿ ಅಭ್ಯಾಸ ಮಾಡುವ ಕಡಿದಾದ ಮೆಟ್ಟಿಲು ಇದರ ಪಕ್ಕದಲ್ಲಿದೆ. ಅದನ್ನಿಳಿದು ನಡೆದರೆ ಅಕಿಹಬರಾ. ‘ಸ್ಟೈನ್ಸ್;ಗೇಟ್’ (2011) ನೋಡಿದವರು ಹುಡುಕುವ ರೇಡಿಯೊ ಕೈಕಾನ್ ರೈಲು ನಿಲ್ದಾಣದ ಎದುರೇ ಇದೆ. ಸರಣಿಯಲ್ಲಿರುವುದು ಹಳೆಯ ಕಟ್ಟಡ. ಅದು ಹೋಗಿ 2014ರಲ್ಲಿ ಹೊಸದು ತೆರೆಯಿತು. ಹೆಸರೂ ಜಾಗವೂ ಅವೇ.

ಇಷ್ಟಕ್ಕೆ ಜೆಆರ್ ಪಾಸ್ ಬೇಕಿಲ್ಲ. 2023ರ ಅಕ್ಟೋಬರಿನ ಏರಿಕೆಯಲ್ಲಿ ಏಳು ದಿನದ ಪಾಸ್ 50,000 ಯೆನ್ ಆಯಿತು. ನಗರದೊಳಗಿನ ಓಡಾಟಕ್ಕೆ ಅದು ದಂಡ. ವಿಮಾನ ನಿಲ್ದಾಣದಲ್ಲಿ ಪ್ರವಾಸಿಗರಿಗೆ ಸಿಗುವ ವೆಲ್‌ಕಮ್ ಸುಯಿಕಾ ಕಾರ್ಡ್ 28 ದಿನ ನಡೆಯುತ್ತದೆ. ದುಡ್ಡು ತುಂಬಿಕೊಂಡು ಗೇಟಿಗೆ ತಾಗಿಸಿದರೆ ರೈಲು, ಮೆಟ್ರೊ, ಬಸ್ ಎಲ್ಲಕ್ಕೂ ಆಗುತ್ತದೆ.

ಶಾಕಾಹಾರಿಗಳಿಗೊಂದು ಮಾತು: ದಾರಿಯಲ್ಲಿನ ಕನ್ವೀನಿಯನ್ಸ್ ಸ್ಟೋರ್‌ಗಳಲ್ಲಿ ಹುಳಿ ಪ್ಲಮ್ ತುಂಬಿದ ಅನ್ನದ ಉಂಡೆ ಸಿಗುತ್ತದೆ. ಆದರೆ ಜಪಾನೀ ಅಡುಗೆಯಲ್ಲಿ ಮೀನಿನ ಸಾರದ ಬಳಕೆ ವ್ಯಾಪಕ. ಫೋನಿನ ಅನುವಾದ ಆ್ಯಪ್ ತೆರೆದು ಲೇಬಲ್ ಓದಿಯೇ ತಿನ್ನಿ.

ಅದೇ ಕೋನದ ಫೋಟೊ

ಬಹಳ ಜನ ದೃಶ್ಯವನ್ನು ಜೂಮ್‌ನಿಂದ ಹೊಂದಿಸಲು ನೋಡುತ್ತಾರೆ, ಆಗುವುದಿಲ್ಲ. ಹತ್ತಿರದ ಕಂಬವೂ ದೂರದ ಗೋಪುರವೂ ಒಂದಕ್ಕೊಂದು ಎಷ್ಟು ಅಂತರದಲ್ಲಿ, ಎಷ್ಟು ದೊಡ್ಡದಾಗಿ ಕಾಣುತ್ತವೆ ಎಂಬುದನ್ನು ತೀರ್ಮಾನಿಸುವುದು ನೀವು ನಿಂತ ಜಾಗ. ಜೂಮ್ ಅದರಲ್ಲಿ ಒಂದು ಭಾಗವನ್ನು ಕತ್ತರಿಸಿ ಕೊಡುತ್ತದೆ, ಅಷ್ಟೆ. ಆದ್ದರಿಂದ ಮೊದಲು ಕಾಲು, ಆಮೇಲೆ ಜೂಮ್.

1. ಫೋನಿನ ಕ್ಯಾಮೆರಾ ಸಾಮಾನ್ಯವಾಗಿ 4:3 ಅಳತೆಯಲ್ಲಿರುತ್ತದೆ. ಈ ಚಿತ್ರಗಳಲ್ಲಿ ಹೆಚ್ಚಿನವುಗಳ ಚೌಕಟ್ಟು 16:9. ಸೆಟ್ಟಿಂಗ್‌ನಲ್ಲಿ ಮೊದಲೇ ಬದಲಿಸಿಕೊಳ್ಳಿ.

2. ದೃಶ್ಯದಲ್ಲಿ ಹತ್ತಿರದ್ದೊಂದು, ದೂರದ್ದೊಂದು ಗುರುತು ಆರಿಸಿ. ಸುಗಾ ಮೆಟ್ಟಿಲಲ್ಲಿ ಹಿಡಿಕಂಬಿಯ ತುದಿ ಹತ್ತಿರದ ಗುರುತು, ಕೆಳಗಿನ ಬೀದಿಯಾಚೆಯ ಮನೆಯ ಮಾಡು ದೂರದ್ದು.

3. ಎರಡೂ ಚಿತ್ರದಲ್ಲಿರುವಂತೆ ಹೊಂದುವವರೆಗೆ ಎಡಕ್ಕೆ ಬಲಕ್ಕೆ ಸರಿಯಿರಿ. ದೂರದ ವಸ್ತು ಕಂಬಿಯ ಎಡಕ್ಕೆ ಕಾಣಬೇಕಾಗಿದ್ದು ಬಲಕ್ಕೆ ಕಂಡರೆ ನೀವು ಬಲಕ್ಕೆ ಹೆಚ್ಚು ಸರಿದಿದ್ದೀರಿ, ಎಡಕ್ಕೆ ಬನ್ನಿ.

4. ದೂರದ ವಸ್ತು ಚಿತ್ರದಲ್ಲಿರುವುದಕ್ಕಿಂತ ಚಿಕ್ಕದಾಗಿ, ಹತ್ತಿರದ್ದು ತೀರಾ ದೊಡ್ಡದಾಗಿ ಕಂಡರೆ ಹಿಂದೆ ಸರಿದು ಆಮೇಲೆ ಜೂಮ್ ಮಾಡಿ. ಹಿಂದೆ ಸರಿಯಲು ಗೋಡೆಯಿದ್ದರೆ ಅಲ್ಲಿಗೇ ಬಿಡಿ. ಕಲಾವಿದರು ಗೋಡೆಯಾಚೆ ನಿಂತಂತೆಯೂ ಬರೆಯಬಲ್ಲರು.

5. ಎತ್ತರ ಸರಿಪಡಿಸಿ. ದಿಗಂತದ ಗೆರೆ ಪಾತ್ರದ ಕಣ್ಣಿನ ಮಟ್ಟದಲ್ಲಿದ್ದರೆ ನಿಂತು ತೆಗೆಯಿರಿ. ಸೊಂಟದ ಮಟ್ಟದಲ್ಲಿದ್ದರೆ ಫೋನನ್ನು ಅಷ್ಟು ಇಳಿಸಿ.

6. ಕೊನೆಗೆ ಬೆಳಕು. ಮೋಡದ ದಿನ ಮಳೆಯ ದೃಶ್ಯಕ್ಕೆ ಒದಗುತ್ತದೆ, ಬಿಸಿಲಿನ ದೃಶ್ಯಕ್ಕಲ್ಲ. ಬೆಳಕು ಒಲಿಯದಿದ್ದರೆ ಕೋನವನ್ನಾದರೂ ಪಕ್ಕಾ ಮಾಡಿಕೊಳ್ಳಿ.

ಟ್ರೈಪಾಡ್ ಮನೆಯಲ್ಲೇ ಇರಲಿ. ಕಿರಿದಾದ ಮೆಟ್ಟಿಲು, ಸೇತುವೆ, ಪ್ಲಾಟ್‌ಫಾರಂಗಳಲ್ಲಿ ಅದು ನಡೆಯುವವರ ಕಾಲಿಗೆ ಅಡ್ಡ.

ಇನ್ನೊಂದು ದಿನವಿದ್ದರೆ

ಶಿಂಜುಕುವಿನಿಂದ ಕೆಯೊ ಲೈನಿನಲ್ಲಿ ಅರ್ಧ ಗಂಟೆಯೊಳಗೆ ಸೇಸೆಕಿ–ಸಕುರಗಒಕಾ ಸಿಗುತ್ತದೆ. ‘ವಿಸ್ಪರ್ ಆಫ್ ದಿ ಹಾರ್ಟ್’ (1995) ಚಿತ್ರದ ಏರುದಾರಿ, ತಿರುವುಗಳು ಅಲ್ಲಿವೆ. ಇಕೆಬುಕುರೊದಿಂದ ಸೇಬು ರೈಲಿನ ಎಕ್ಸ್‌ಪ್ರೆಸ್‌ನಲ್ಲಿ ಚಿಚಿಬುಗೆ ಹೋದರೆ ‘ಅನೊಹಾನಾ’ (2011) ಸರಣಿಯ ಹಳೆ ಸೇತುವೆ. ನಮ್ಮಲ್ಲಿ ಮಕ್ಕಳಿಗೆಲ್ಲ ಗೊತ್ತಿರುವ ಶಿನ್‌ಚಾನ್‌ನ ಕಸುಕಾಬೆ ನಿಜವಾದ ಊರು; ಅಸಕುಸಾದಿಂದ ತೋಬು ರೈಲಿನಲ್ಲಿ ಹೋಗಬಹುದು. ಕ್ಯೋಟೊ ಕಡೆ ಹೋಗುವವರಿಗೆ ‘ಸೌಂಡ್! ಯೂಫೋನಿಯಂ’ನ ಉಜಿ ಹತ್ತಿರ. ದೈಕಿಚಿ ಗುಡ್ಡದ ಮೇಲಿನ ವೀಕ್ಷಣಾ ತಾಣಕ್ಕೆ ನಡೆದೇ ಹತ್ತಬಹುದು. ಶಿಗಾ ಪ್ರಾಂತ್ಯದ ತೊಯೊಸಾತೊದಲ್ಲಿ 1937ರ ಹಳೆಯ ಶಾಲಾ ಕಟ್ಟಡವಿದೆ. ‘ಕೆ–ಆನ್!’ ಸರಣಿಯ ಶಾಲೆಗೆ ಅದೇ ಮಾದರಿ. ಈಗ ಅಲ್ಲಿ ತರಗತಿಗಳು ನಡೆಯುವುದಿಲ್ಲವಾದ್ದರಿಂದ ಒಳಗೆ ಹೋಗಿ ನೋಡಲು ಅವಕಾಶವಿದೆ.

‘ಯುವರ್ ನೇಮ್’ನ ಹಳ್ಳಿ ಇತೊಮೊರಿ ಮಾತ್ರ ಕಲ್ಪನೆ, ಯಾವ ನಕ್ಷೆಯಲ್ಲೂ ಇಲ್ಲ. ತಾಕಿ ಅದನ್ನು ಹುಡುಕಿಕೊಂಡು ಹೋಗುವ ಹಿದಾ–ಫುರುಕಾವಾ ನಿಲ್ದಾಣ ನಿಜ, ಗ್ರಂಥಾಲಯವೂ ನಿಜ. ಟೋಕಿಯೊದಿಂದ ನಾಲ್ಕು ಗಂಟೆಗೂ ಹೆಚ್ಚಿನ ಪಯಣ, ಹಾಗಾಗಿ ಅಲ್ಲೇ ಸುತ್ತಮುತ್ತ ಒಂದು ರಾತ್ರಿ ತಂಗಿ. ಗ್ರಂಥಾಲಯದಲ್ಲಿ ಫೋಟೊ ತೆಗೆಯುವ ಮೊದಲು ಕೌಂಟರಿನಲ್ಲಿ ಕೇಳಿ, ಓದುತ್ತ ಕೂತವರ ಮುಖ ಬಾರದಂತೆ ನೋಡಿಕೊಳ್ಳಿ.

ಎಚ್ಚರಿಕೆ: ಕಾಮಾಕುರಾ ಕಲಿಸುವ ಪಾಠ

‘ಸ್ಲ್ಯಾಮ್ ಡಂಕ್’ ಸರಣಿಯ ಆರಂಭ ಗೀತೆಯಲ್ಲಿ ಕಾಣುವ ರೈಲ್ವೆ ಗೇಟ್ ಕಾಮಾಕುರಾ ಊರಿನಲ್ಲಿ, ಎನೊದೆನ್ ಲೈನಿನ ಕಾಮಾಕುರಾ–ಕೊಕೊಮಾಯೆ ನಿಲ್ದಾಣದ ಪಕ್ಕದಲ್ಲಿದೆ. ಗೇಟಿನಾಚೆ ಸಮುದ್ರ, ನಡುವೆ ಹಸಿರು ರೈಲು. 2022ರ ಕೊನೆಯಲ್ಲಿ ‘ದಿ ಫಸ್ಟ್ ಸ್ಲ್ಯಾಮ್ ಡಂಕ್’ ಬಂದ ಮೇಲೆ ಅಲ್ಲಿಗೆ ಬರುವವರ ಸಂಖ್ಯೆ ಇನ್ನಷ್ಟು ಏರಿತು. ರಸ್ತೆ ಮಧ್ಯೆ ನಿಂತು ಫೋಟೊ ತೆಗೆಯುವವರು, ಮನೆಗಳ ಆವರಣಕ್ಕೆ ನುಗ್ಗುವವರು, ಕಸ ಬಿಟ್ಟು ಹೋಗುವವರಿಂದ ನಿವಾಸಿಗಳು ಬೇಸತ್ತರು. ಜನರನ್ನು ನಿಭಾಯಿಸಲು ಕಾವಲುಗಾರರನ್ನೇ ನಿಲ್ಲಿಸಬೇಕಾಯಿತು. ನಿಮ್ಮ ಮನೆಯ ಗೇಟಿನೆದುರು ಬೆಳಗಿನಿಂದ ರಾತ್ರಿವರೆಗೆ ಅಪರಿಚಿತರು ಕ್ಯಾಮೆರಾ ಹಿಡಿದು ನಿಂತರೆ ಹೇಗಿರುತ್ತದೋ ಅಲ್ಲಿಯವರಿಗೂ ಹಾಗೆಯೇ. ಆದ್ದರಿಂದ:

• ಗೇಟು ಮುಚ್ಚುವ ಗಂಟೆ ಶುರುವಾದ ಮೇಲೆ ಹಳಿ ದಾಟಬೇಡಿ. ಹಳಿಯ ಮೇಲೆ, ರಸ್ತೆಯ ಮೇಲೆ ನಿಂತು ಫೋಟೊ ಬೇಡ.

• ಮನೆಯ ಬಾಗಿಲು, ನಾಮಫಲಕ, ಕಾರಿನ ನಂಬರ್, ಒಣಹಾಕಿದ ಬಟ್ಟೆ ಚೌಕಟ್ಟಿನೊಳಗೆ ಬಂದರೆ ಫೋಟೊ ಹಂಚುವ ಮೊದಲು ಕತ್ತರಿಸಿ ಅಥವಾ ಮಸುಕಾಗಿಸಿ.

• ನಡೆಯುತ್ತಿರುವ ಶಾಲೆಗಳ ಗೇಟಿನ ಬಳಿ ಸುಳಿಯಬೇಡಿ. ಸಮವಸ್ತ್ರದಲ್ಲಿರುವ ಮಕ್ಕಳು ಪಾತ್ರಗಳಂತೆಯೇ ಕಂಡರೂ ಅವರ ಫೋಟೊ ತೆಗೆಯುವಂತಿಲ್ಲ.

• ಬೀದಿಯಲ್ಲಿ ಕಸದ ಬುಟ್ಟಿ ಅಪರೂಪ. ಒಂದು ಖಾಲಿ ಚೀಲ ಇಟ್ಟುಕೊಂಡು ಕಸವನ್ನು ಹೋಟೆಲಿಗೆ ತನ್ನಿ.

• ರೈಲಿನೊಳಗೆ ಫೋನಿನಲ್ಲಿ ಮಾತಾಡುವುದಿಲ್ಲ. ಗುಂಪಾಗಿ ಹೋದವರು ದನಿ ತಗ್ಗಿಸಿ.

• ಗುಡಿಗಳಲ್ಲಿ ಮೊದಲು ನಮಸ್ಕಾರ, ಆಮೇಲೆ ಕ್ಯಾಮೆರಾ. ‘ಫೋಟೊ ನಿಷೇಧ’ ಫಲಕವಿದ್ದರೆ ಅದಕ್ಕೆ ಎದುರಾಡಬೇಡಿ.

• ಕೆಫೆ, ಅಂಗಡಿಯ ಒಳಗಿನ ದೃಶ್ಯ ಬೇಕಿದ್ದರೆ ಏನಾದರೂ ಕೊಂಡು, ಕೇಳಿ ತೆಗೆಯಿರಿ.

ಸಾಮಾನ್ಯ ತಪ್ಪುಗಳು

ಶಿಂಜುಕುವಿನಲ್ಲಿ ಕಿತ್ತಳೆ ರೈಲು ಹತ್ತುವುದು. ಕಿತ್ತಳೆ ರ‍್ಯಾಪಿಡ್ ಸೆಂದಗಾಯಾದಲ್ಲೂ ಶಿನಾನೊಮಾಚಿಯಲ್ಲೂ ನಿಲ್ಲದೆ ಸೀದಾ ಯೊತ್ಸುಯಾಗೆ ಹೋಗುತ್ತದೆ. ಬೆಳಿಗ್ಗೆ ಹಳದಿಯನ್ನೇ ಹತ್ತಿ.

ವಾರದ ದಿನ ನೋಡದೆ ಹೊರಡುವುದು. ಉದ್ಯಾನ, ವಸ್ತುಸಂಗ್ರಹಾಲಯಗಳ ರಜೆ ಸಾಮಾನ್ಯವಾಗಿ ಸೋಮವಾರ. ಚಳಿಗಾಲದಲ್ಲಿ ಶಿಂಜುಕು ಗ್ಯೋಎನ್ ಸಂಜೆ ನಾಲ್ಕೂವರೆಗೇ ಮುಚ್ಚುತ್ತದೆ.

ಹಳೆಯ ಪಟ್ಟಿಯನ್ನು ನಂಬುವುದು. ಟೋಕಿಯೊದಲ್ಲಿ ಕಟ್ಟಡ ಕೆಡವಿ ಕಟ್ಟುವುದು ನಿತ್ಯದ ಕೆಲಸ. ಹೊರಡುವ ವಾರದಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ.

ಎಲ್ಲರೂ ಹೋಗುವ ಹೊತ್ತಿಗೇ ಹೋಗುವುದು. ಶನಿವಾರ, ಭಾನುವಾರ ಮಧ್ಯಾಹ್ನ ಸುಗಾ ಮೆಟ್ಟಿಲಲ್ಲೂ ಕಾಮಾಕುರಾ ಗೇಟಿನಲ್ಲೂ ಜನಜಂಗುಳಿ. ವಾರದ ನಡುವೆ, ಬೆಳಗಿನ ಹೊತ್ತಿಗೆ ಹೋದರೆ ನಿಮಗೂ ಒಳ್ಳೆಯದು, ಅಲ್ಲಿನವರಿಗೂ.

ಫೋಟೊ ತೆಗೆದ ಕೂಡಲೇ ಮುಂದಿನ ಪಿನ್‌ಗೆ ಓಡುವುದು. ಕ್ಯಾಮೆರಾ ಒಳಗಿಟ್ಟು ಹತ್ತು ನಿಮಿಷ ಅಲ್ಲೇ ನಿಲ್ಲಿ. ಆ ಬೀದಿಯ ಸದ್ದು, ಏರಿನ ಕಡಿದು, ಗಾಳಿಯ ತಂಪು ಯಾವ ಚಿತ್ರದಲ್ಲೂ ಸಿಗುವಂಥದ್ದಲ್ಲ.

ಕೊನೆಯದಾಗಿ ಒಂದು ಮನವಿ. ಹೋದ ಕಡೆ ಊರಿನ ಅಂಗಡಿಯಲ್ಲಿ ಒಂದು ಕಪ್ ಚಹಾ ಕುಡಿಯಿರಿ, ಏನಾದರೂ ಸಣ್ಣದನ್ನು ಕೊಳ್ಳಿ, ಎದುರಾದವರಿಗೆ ತಲೆಬಾಗಿ ನಮಸ್ಕರಿಸಿ. ಅಭಿಮಾನಿಗಳನ್ನು ಊರಿನವರು ಪ್ರೀತಿಯಿಂದ ಬರಮಾಡಿಕೊಂಡಿದ್ದರಿಂದಲೇ ಈ ಯಾತ್ರೆ ಇಷ್ಟು ಬೆಳೆದಿದೆ. ನಿಮ್ಮ ನಂತರ ಬರುವ ಅಭಿಮಾನಿಗೂ ಅದೇ ಸ್ವಾಗತ ಸಿಗಬೇಕಾದರೆ ನೀವು ಅಲ್ಲಿ ಒಳ್ಳೆಯ ಅತಿಥಿಯಾಗಿರಬೇಕು.